ಕೇಪಿನ ಕೋವಿಯ ಮರ: ಸೀಳಿದ ಕುತ್ತಿಗೆಗೆ ಸರಳು, ನಳಿಗೆಗೆ ಎಪಾಕ್ಸಿ ಹಾಸು

ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಇರುವ ಒಂಟಿ ನಳಿಗೆಯ ಕೇಪಿನ ಕೋವಿಗಳಲ್ಲಿ (ಬಾಯಿಯಿಂದ ಮದ್ದು ತುಂಬಿ, ಕಿಡಿ ಕೊಡುವ ಪುಟ್ಟ ಕೇಪು ಇಟ್ಟು ಹಾರಿಸುವಂಥವು) ಮೊದಲು ಕೆಡುವುದು ಕಬ್ಬಿಣವಲ್ಲ, ಮರ. ಅದೂ ಕುತ್ತಿಗೆಯಲ್ಲಿ, ಅಂದರೆ ಕೈ ಹಿಡಿಯುವ ತೆಳು ಭಾಗದಲ್ಲಿ. ಲಾಕ್ (ಹಾರಿಸುವ ಸಲಕರಣೆ) ಕೂರಿಸಲು ಒಂದು ಪಕ್ಕ ಕೊರೆದಿರುತ್ತಾರೆ, ಕೆಳಗಿಂದ ಟ್ರಿಗರ್‌ಗೆ ಗಾಡಿ (ತೋಡು), ನಡುವೆ ಸ್ಕ್ರೂ ತೂತು. ಉಳಿಯುವ ಮರ ಎಷ್ಟು?

ಸೀಳಿಗೆ ಅಂಟು ಹಾಕಿ ತಂತಿ ಸುತ್ತಿದ ಕೋವಿಗಳು ಮತ್ತೆ ಅಲ್ಲೇ ಸೀಳುತ್ತವೆ. ಈಡು ಹಾರಿದಾಗ ನಳಿಗೆಯ ಹಿಂಬದಿ ತನ್ನ ಹಿಂದಿನ ಮರಕ್ಕೆ ಪೂರ್ತಿ ಒರಗಬೇಕು. ಅಲ್ಲಿ ಸಂದು ಬಿದ್ದಿದ್ದರೆ ಒದೆತವೆಲ್ಲ ಮೇಲಿನ ಕಬ್ಬಿಣದ ಬಾಲಕ್ಕೆ, ಅಂದರೆ ಟ್ಯಾಂಗ್‌ಗೆ ಹೋಗುತ್ತದೆ. ಟ್ಯಾಂಗ್ ಬೆಣೆಯಂತೆ ಕುತ್ತಿಗೆಯನ್ನು ಸೀಳುತ್ತದೆ. ಹಾಗಾಗಿ ಸರಳು ಹಾಕುವುದು ಅರ್ಧ ಕೆಲಸ, ನಳಿಗೆಗೆ ಹಾಸು, ಅಂದರೆ ಅದು ಸಂದಿಲ್ಲದೆ ಕೂರುವಂತೆ ಅಡಿಯಲ್ಲಿ ಎಪಾಕ್ಸಿ ಅಚ್ಚು, ಕೊಡುವುದು ಇನ್ನರ್ಧ.

1959ರ ಆಯುಧ ಕಾಯ್ದೆಯಲ್ಲಿ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ನನ್ನ ಹತ್ತಿರ ಅದಿದೆ, ಮನೆಗೆ ತಾಗಿದ ಕೊಟ್ಟಿಗೆಯಲ್ಲೇ ಕೆಲಸ. ಇಲ್ಲದವರು ಮಾಡಿಸಿಕೊಳ್ಳುವಾಗ ಏನು ಕೇಳಬೇಕು ಎಂಬಷ್ಟಕ್ಕೆ ಇದನ್ನು ಓದಿಕೊಳ್ಳಿ.

ಮೊದಲು ಕೇಪು ಇಲ್ಲವೆಂದು ನೋಡಿ, ಗಜವನ್ನು (ಈಡು, ಅಂದರೆ ಮದ್ದು ಗುಂಡು, ಜಡಿಯುವ ಕಡ್ಡಿ) ನಳಿಗೆಯೊಳಗೆ ತಳದವರೆಗೆ ಬಿಟ್ಟು ಬಾಯಿಯ ಮಟ್ಟಕ್ಕೆ ಗುರುತು ಹಾಕುತ್ತೇನೆ. ಗುರುತು ಬಾಯಿಗೆ ಬರುವಂತೆ ಅದೇ ಗಜವನ್ನು ನಳಿಗೆಯ ಹೊರಗಿಟ್ಟಾಗ ಅದರ ತುದಿ ನಿಪ್ಪಲ್ (ಕೇಪು ಕೂರುವ ಮೊಳೆ) ಹತ್ತಿರದವರೆಗೆ ಬರಬೇಕು. ಎರಡು ಮೂರು ಅಂಗುಲ ಮೊದಲೇ ನಿಂತರೆ ಒಳಗೆ ಈಡು ಇದೆ, ಅಂಥದ್ದನ್ನು ಬಿಚ್ಚುವ ಮಾತೇ ಇಲ್ಲ. ಮೊದಲು ಈಡು ತೆಗೆಯಬೇಕು. ನಳಿಗೆಯಲ್ಲಿ ಬಿರುಕಿದ್ದರೆ ಮರಕ್ಕೆ ಖರ್ಚು ಮಾಡುವುದೇ ದಂಡ.

ಮರ ಒಣಗಿರಬೇಕು. ಜನವರಿಯಿಂದ ಏಪ್ರಿಲ್ ಸರಿಯಾದ ಕಾಲ. ಮಳೆಗಾಲದಲ್ಲಿ ಉಬ್ಬಿದ ಮರಕ್ಕೆ ಹಾಸು ಕೊಟ್ಟರೆ ಬೇಸಗೆಯಲ್ಲಿ ಮರ ಕುಗ್ಗಿ ಅಳತೆ ತಪ್ಪುತ್ತದೆ. ನಳಿಗೆಯ ಹಿಂದಿನ ಮರ ಎಣ್ಣೆ ಕುಡಿದು ಕಪ್ಪಗಾಗಿರುತ್ತದೆ. ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಉದುರಿಸಿ, ಪುಡಿ ಬೆಳ್ಳಗೇ ಉಳಿಯುವವರೆಗೆ ಮತ್ತೆ ಮತ್ತೆ ಮಾಡುತ್ತೇನೆ. ಹತ್ತಿರ ಒಲೆ, ಬೀಡಿ ಬೇಡ. ಬೀಟೆ, ಸಾಗವಾನಿಯಲ್ಲಿ ಮರದ್ದೇ ಎಣ್ಣೆ ಇರುವುದರಿಂದ ಅಂಟು ಹಾಕುವ ಸ್ವಲ್ಪ ಮೊದಲು ಇನ್ನೊಮ್ಮೆ ಅಸಿಟೋನಿನಲ್ಲಿ ಒರೆಸಬೇಕು. ಗೇರೆಣ್ಣೆ ಬಳಿದ ಮರವಾದರೆ ಆ ಪದರ ಕೆರೆದು ತೆಗೆಯದೆ ಯಾವ ಅಂಟೂ ಹಿಡಿಯದು.

ಸೀಳಿಗೆ ನಿಧಾನ ಗಟ್ಟಿಯಾಗುವ ಅರಾಲ್ಡೈಟ್ (ಎಪಾಕ್ಸಿ ಅಂಟು) ತೆಗೆದುಕೊಳ್ಳಿ. ಐದು ನಿಮಿಷದ್ದು ಸೀಳಿನ ತಳ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ತೆಳು ಬೆಣೆಯಿಂದ ಸೀಳನ್ನು ಕೂದಲೆಳೆಯಷ್ಟು ತೆರೆದು, ಹೇರ್ ಡ್ರೈಯರಿನಿಂದ ಮರ ಬಿಸಿ ಮಾಡಿದರೆ ಅಂಟು ನೀರಾಗಿ ಒಳಗಿಳಿಯುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ 24 ಗಂಟೆ ಬಿಡಿ.

ಸರಳಿಗೆ 5 ಮಿ.ಮೀ. ದಪ್ಪದ, ಮರೆ (ಥ್ರೆಡ್) ಇರುವ ಸ್ಟೇನ್‌ಲೆಸ್ ರಾಡ್, 80ರಿಂದ 100 ಮಿ.ಮೀ. ಉದ್ದ ಸಾಕು. ಟ್ಯಾಂಗಿನ ಗಾಡಿಯಿಂದ ಹಿಂದಕ್ಕೆ, ಕುತ್ತಿಗೆಯ ಓರೆಯನ್ನೇ ಅನುಸರಿಸಿ 6 ಮಿ.ಮೀ. ತೂತು. ಡ್ರಿಲ್ ಮಾಡುವ ಮೊದಲು ಸ್ಕ್ರೂ, ಲಾಕ್, ಟ್ರಿಗರ್ ಇರುವ ಜಾಗಗಳನ್ನು ಮರದ ಹೊರಮೈ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡರೆ ತೂತು ಎಲ್ಲಿಗೆ ಹೊರಡುತ್ತದೆ ಎಂಬುದು ಕಾಣುತ್ತದೆ. ಅಂಟನ್ನು ಸ್ಟ್ರಾದಿಂದ ತಳಕ್ಕೆ ಮೊದಲು ತುಂಬಿ. ರಾಡಿನ ಉದ್ದಕ್ಕೂ ಒಂದು ಪಕ್ಕ ಅರದಿಂದ ಚಪ್ಪಟೆ ಉಜ್ಜದಿದ್ದರೆ ಗಾಳಿಗೆ ದಾರಿಯಿಲ್ಲದೆ ರಾಡ್ ಅರ್ಧಕ್ಕೇ ನಿಲ್ಲುತ್ತದೆ.

ಹಾಸು ಕೊಡುವಾಗ ನಳಿಗೆಯ ಉದ್ದಕ್ಕೂ ಎಪಾಕ್ಸಿ ಸುರಿಯಬೇಕಿಲ್ಲ. ಹಿಂಬದಿಯ ಗೋಡೆ, ಟ್ಯಾಂಗಿನ ತಳ, ನಳಿಗೆಯ ಮೊದಲ 60–70 ಮಿ.ಮೀ., ಮುಂದೆ ನಳಿಗೆಯನ್ನು ಮರಕ್ಕೆ ಹಿಡಿಸುವ ಬೆಣೆಯ ಹತ್ತಿರ ಒಂದು ಸಣ್ಣ ಪಟ್ಟಿ, ಇಷ್ಟೇ. ಅಲ್ಲೆಲ್ಲ ಉಳಿಯಿಂದ 1.5–2 ಮಿ.ಮೀ. ಮರ ತೆಗೆಯುತ್ತೇನೆ, ಆದರೆ ಅಲ್ಲಲ್ಲಿ ಹಳೆಯ ಮಟ್ಟದ ಸಣ್ಣ ದಿಣ್ಣೆ ಬಿಡುತ್ತೇನೆ. ಈ ದಿಣ್ಣೆಗಳೇ ಕೆಲಸದ ಜೀವ. ನಳಿಗೆ ಒಂದು ಮಿ.ಮೀ. ಕೆಳಗಿಳಿದರೂ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ನಿಪ್ಪಲಿನ ಮೇಲೆ ನೇರ ಬೀಳದೆ ಅಂಚಿಗೆ ಹೊಡೆಯುತ್ತದೆ, ಕೇಪು ಹಾರದೆ ಹೋಗುತ್ತದೆ.

ಟ್ಯಾಂಗಿನ ತುದಿಗೆ ಇನ್ಸುಲೇಶನ್ ಟೇಪ್ ಮೂರು ನಾಲ್ಕು ಪದರ ಅಂಟಿಸಿ. ಆಮೇಲೆ ಟೇಪ್ ತೆಗೆದಾಗ ಅಲ್ಲಿ ಸಂದು ಉಳಿಯುತ್ತದೆ. ನಳಿಗೆ, ಸ್ಕ್ರೂ, ಸ್ಕ್ರೂವಿನ ಮರೆ, ಎಲ್ಲಕ್ಕೂ ಮೇಣದ ಪಾಲಿಶ್ ಎರಡು ಕೈ. ನಿಪ್ಪಲಿನ ಬುಡ, ತೂತು, ಒಳಬಾಗಿದ ಅಂಚುಗಳಿಗೆ ಮಕ್ಕಳ ಆಟದ ಕ್ಲೇ ತುಂಬಿ. ಮೇಣ ಅಂಟದಂತೆ ನೋಡಿಕೊಳ್ಳುತ್ತದೆ ನಿಜ, ಆದರೆ ಒಳಬಾಗಿದ ಕಡೆ ಎಪಾಕ್ಸಿ ಸಿಕ್ಕಿಕೊಂಡರೆ ಮೇಣವೂ ಕಾಯದು, ನಳಿಗೆ ಬೀಗ ಹಾಕಿದಂತೆ ಕೂರುತ್ತದೆ.

ಎಪಾಕ್ಸಿ ಒಟ್ಟು 30 ಗ್ರಾಂ ಸಾಕು. ಬಲಕ್ಕೆ ಗ್ಲಾಸ್ ಫೈಬರ್. ಕಾರವಾರದ ಬೈತಖೋಲದಂಥ ಬಂದರುಗಳಲ್ಲಿ ಫೈಬರ್ ದೋಣಿ ರಿಪೇರಿಯವರ ಹತ್ತಿರ ಚೂರು ಸಿಗುತ್ತದೆ. ಮ್ಯಾಟ್ (ನೇಯದೆ ಅಂಟಿನಿಂದ ಕೂಡಿಸಿದ ಹಾಳೆ) ಬೇಡ, ಅದರ ಅಂಟು ದೋಣಿಯ ರೆಸಿನ್ನಿನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಕರಗದು. ನೇಯ್ದ ಬಟ್ಟೆಯನ್ನು 3–4 ಮಿ.ಮೀ. ತುಂಡು ಮಾಡಿ ಕಲಸಿ, ಮೂಗಿಗೆ ಬಟ್ಟೆಯಲ್ಲ, ಮಾಸ್ಕ್ ಹಾಕಿ. ಅವರ ಪಾಲಿಯೆಸ್ಟರ್ ರೆಸಿನ್ ಮಾತ್ರ ತರಬೇಡಿ: ಕುಗ್ಗುತ್ತದೆ, ಮರಕ್ಕೆ ಹಿಡಿಯುವುದೂ ಕಡಿಮೆ. ಎಂ-ಸೀಲ್ ಹರಿಯುವುದಿಲ್ಲ, ಹಾಸು ಕೊಡಲು ಆಗದು.

ನಳಿಗೆ ಇಳಿಸಿ ಟ್ಯಾಂಗ್ ಸ್ಕ್ರೂವನ್ನು ಬೆರಳಿನಷ್ಟೇ ಬಿಗಿ ಮಾಡಿ. ಕ್ಲಾಂಪ್ ಹಾಕಿ ಅಮುಕಿದರೆ ಬಾಗಿದ ಮರವೇ ಅಚ್ಚಾಗುತ್ತದೆ. ಮೂರು ನಾಲ್ಕು ಗಂಟೆಗೆ ಹೊರಬಂದದ್ದು ರಬ್ಬರಿನಂತಾದಾಗ ಬಿದಿರ ಚೂರಿನಿಂದ ಕೆರೆದು ತೆಗೆಯಿರಿ. 24 ಗಂಟೆಯ ಮೇಲೆ ಬಾಯಿಯ ಕಡೆಯಿಂದ ಎತ್ತಿ ಮರದ ಕೊಡತಿಯಲ್ಲಿ ಹಗುರ ತಟ್ಟಿ. ಜಗ್ಗಾಡಬೇಡಿ. ಈಡು ಹಾರಿಸುವುದು ವಾರ ಕಳೆದ ಮೇಲೆ.

ಪರೀಕ್ಷೆಗೆ ನಳಿಗೆಯ ಹಿಂಬದಿಗೆ, ಟ್ಯಾಂಗಿನ ತುದಿಗೆ ಚಿಮಣಿ ದೀಪದ ಮಸಿ ಹಿಡಿಸಿ ಕೂರಿಸಿ ತೆಗೆಯಿರಿ. ಹಿಂದಿನ ಗೋಡೆಯಲ್ಲಿ ಮಸಿ ಎಲ್ಲೆಡೆ ಹತ್ತಿರಬೇಕು, ಟ್ಯಾಂಗಿನ ತುದಿಯಲ್ಲಿ ಹತ್ತಿರಬಾರದು. ಅಲ್ಲಿ ಹತ್ತಿದ್ದರೆ ಕೆರೆಯಿರಿ, ಇಲ್ಲವಾದರೆ ಪಟ್ಟ ಶ್ರಮವೆಲ್ಲ ನೀರಿಗೆ.

ಒಳಮೈಯ ಬರಿಯ ಮರಕ್ಕೆ, ಹಿಂಬದಿ ತಗಡಿನ ಅಡಿಗೆ ಕುದಿಸಿದ ಅಗಸೆ ಎಣ್ಣೆ ತೆಳುವಾಗಿ ಮೂರು ಕೈ. ಹಸಿ ಎಣ್ಣೆ ಒಣಗುವುದೇ ಇಲ್ಲ ಅನ್ನುವಷ್ಟು ನಿಧಾನ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನೇ ಹೊತ್ತಿಕೊಳ್ಳಬಹುದು, ನೀರಿನಲ್ಲಿ ನೆನೆಸಿಡಿ.

ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡುವಾಗ ತುಕ್ಕಿಗೆ ಹೆದರಿ ನಳಿಗೆಗೆ ಎಣ್ಣೆ ಸುರಿಯುವವರೇ ಹೆಚ್ಚು. ಹಿಡಿ ಕೆಳಗಾಗಿ ವಾರಗಟ್ಟಲೆ ನಿಂತರೆ ಆ ಎಣ್ಣೆ ಇಳಿಯುವುದು ಕುತ್ತಿಗೆಯ ಮರಕ್ಕೇ. ಎಣ್ಣೆ ಒರೆಸಿ ತೆಗೆದು, ಹೊರಮೈಗೆ ಮೇಣ ತಿಕ್ಕಿ ಕೊಡಿ. ಮನೆಯಲ್ಲಾದರೆ ಬಾಯಿ ಕೆಳಗೆ ಮಾಡಿ ಇಡಿ.