ಗಮಕಕ್ಕೆ ಬಗ್ಗುವ ಗಿಟಾರ್

ತುಮಕೂರಿನ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವರಿಗೆ ಒಂದೇ ರಾತ್ರಿಯಲ್ಲಿ ಎಲ್ಲ ಥರದ ಹಾಡೂ ಎದುರಾಗುತ್ತವೆ. ಗಣೇಶನ ಪೆಂಡಾಲ್ ಇರಲಿ, ರಾಜ್ಯೋತ್ಸವದ ವೇದಿಕೆ ಇರಲಿ, ಮೊದಲು ಭಕ್ತಿಗೀತೆ, ಹಿಂದೆಯೇ ಹಳೇ ಸಿನಿಮಾ ಹಾಡು, ಆಮೇಲೆ ಕುಣಿಯುವವರಿಗೆ ಇನ್ನೊಂದು. ಹಳೇ ಹಾಡುಗಳ ನಡುವೆ ಬರುವ ವೀಣೆ, ಸಿತಾರ್ ತುಣುಕುಗಳೆಂದರೆ ನನಗೆ ಪ್ರಾಣ. ಕೀಬೋರ್ಡ್‌ನಲ್ಲಿ ಅವು ಸಪ್ಪೆಯಾಗಿಬಿಡುತ್ತವೆ. ಗಿಟಾರ್‌ನಲ್ಲೇ ಗಮಕ, ಅಂದರೆ ಸ್ವರವನ್ನು ಎಳೆದು ತೂಗಾಡಿಸುವುದು, ಬರಬೇಕು ಅಂತ ನನ್ನ ಸ್ಟ್ರಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರನ್ನು ಒಂದೊಂದಾಗಿ ತಿದ್ದುತ್ತಾ ಬಂದೆ.

ಮೊದಲು ತಂತಿ. ದಪ್ಪನೆಯ 10-46 ಸೆಟ್ ತೆಗೆದು ತೆಳ್ಳನೆಯ 9-42 ಸೆಟ್ ಹಾಕಿದೆ. ಇಷ್ಟಕ್ಕೇ ಎಳೆತ ಹಗುರವಾಯಿತು. ಆದರೆ ತಂತಿಗಳ ಬುಡ ಹಿಡಿದಿರುವ ಬ್ರಿಡ್ಜ್ ಸುಮ್ನಿರುವುದಿಲ್ಲ ಅಲ್ವಾ? ಬಾಡಿಗೆ ಅಂಟದೆ ಸ್ಪ್ರಿಂಗ್‌ಗಳ ಎಳೆತದಲ್ಲಿ ತೇಲುವ ಬ್ರಿಡ್ಜ್‌ನಲ್ಲಿ ಒಂದು ತಂತಿ ಎಳೆದರೆ ಅದು ಮುಂದಕ್ಕೆ ವಾಲುತ್ತದೆ, ಉಳಿದ ತಂತಿಗಳ ಶ್ರುತಿ ಇಳಿಯುತ್ತದೆ. ಷಡ್ಜದ ತಂತಿ ಮೀಟಿಕೊಂಡೇ ಇನ್ನೊಂದನ್ನು ಎಳೆಯುವವರಿಗೆ ಇದು ಆಗದ ಮಾತು. ಹಿಂದಿನ ಮುಚ್ಚಳ ತೆಗೆದು, ಐದೂ ಸ್ಪ್ರಿಂಗ್ ಹಾಕಿ, ಅವುಗಳನ್ನು ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿದೆ. ಬ್ರಿಡ್ಜ್ ಬಾಡಿಗೆ ಅಂಟಿ ಕೂತಿತು.

ಮುಖ್ಯವಾದ ಕೆಲಸ ಫ್ರೆಟ್‌ಬೋರ್ಡ್‌ನದು, ಅಂದರೆ ಬೆರಳೊತ್ತುವ ಮರದ ಪಟ್ಟಿಯದು. ವೀಣೆ ನುಡಿಸುವವರ ಕೈ ಹತ್ತಿರದಿಂದ ನೋಡಿ. ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳು ಎತ್ತರವಾಗಿರುತ್ತವೆ, ಬೆರಳಿಗೆ ಕೆಳಗೆ ಮರ ತಾಗುವುದೇ ಇಲ್ಲ. ಗಿಟಾರ್‌ನಲ್ಲಿ ಬೆರಳ ತುದಿ ಮರಕ್ಕೆ ಉಜ್ಜುತ್ತದೆ, ತಂತಿಯ ಕೆಳಗೆ ಚರ್ಮ ಸೇರುವುದಿಲ್ಲ, ಹಿಡಿತ ಜಾರುತ್ತದೆ. ಆ ಪಟ್ಟಿಯ ಮೇಲಿನ ಲೋಹದ ಅಡ್ಡಗೆರೆಗಳಾದ ಫ್ರೆಟ್‌ಗಳ ನಡುವಿನ ಮರವನ್ನು ಗುಳಿ ತೆಗೆದರೆ ಈ ತೊಂದರೆ ಇರುವುದಿಲ್ಲ. 1970ರ ದಶಕದಲ್ಲಿ ಭಾರತೀಯ ಸಂಗೀತಕ್ಕೆ ಜಾಝ್ ಬೆಸೆದ ಶಕ್ತಿ ತಂಡದಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಇಂಥದ್ದೇ ಗುಳಿ ತೆಗೆದ ಗಿಟಾರ್ ನುಡಿಸಿದ್ದರು.

ನಾಲ್ಕು ಸ್ಕ್ರೂ ಬಿಚ್ಚಿ ನೆಕ್, ಅಂದರೆ ಗಿಟಾರ್‌ನ ಕುತ್ತಿಗೆ, ಬೇರೆ ಮಾಡಿಕೊಂಡೆ. ಫ್ರೆಟ್‌ಗಳಿಗೆಲ್ಲ ಮಾಸ್ಕಿಂಗ್ ಟೇಪ್ ಸುತ್ತಿದೆ. 12ನೇ ಫ್ರೆಟ್‌ನಿಂದ ಮೇಲೆ, ಬಾಡಿಯ ಕಡೆಗೆ, ಫ್ರೆಟ್‌ಗಳ ನಡುವಿನ ಒಂದೊಂದು ಮನೆಯಲ್ಲೂ ದುಂಡು ಅರದಿಂದ ಅಡ್ಡಡ್ಡ ಉಜ್ಜಿದೆ. ಬೋರ್ಡ್ ಉಬ್ಬಾಗಿರುವುದರಿಂದ ಅರವೂ ಆ ಉಬ್ಬಿನ ಮೇಲೇ ಸಾಗಬೇಕು, ಇಲ್ಲದಿದ್ದರೆ ನಡುಮಧ್ಯ ಜಾಸ್ತಿ ಸವೆಯುತ್ತದೆ. ಫ್ರೆಟ್‌ನ ಬುಡದಲ್ಲಿ ಮರ ಹಾಗೇ ಉಳಿಸಬೇಕು, ಗುಳಿ ಮಧ್ಯದಲ್ಲಷ್ಟೇ ಆಳ. ನಾನು ಸುಮಾರು ಒಂದೂವರೆ ಮಿಲಿಮೀಟರ್‌ಗೆ ನಿಲ್ಲಿಸಿದೆ. ಚುಕ್ಕಿ ಗುರುತು ಇರುವ ಮನೆಗಳಲ್ಲಿ ಇನ್ನೂ ಎಚ್ಚರ ಬೇಕು, ಆ ಪ್ಲಾಸ್ಟಿಕ್ ತೆಳ್ಳಗಿರುತ್ತದೆ. ಆಮೇಲೆ 120ರಿಂದ 600ರವರೆಗೆ ಉಪ್ಪುಕಾಗದ. ರೋಸ್‌ವುಡ್ ಆದ್ದರಿಂದ ಕೊನೆಗೆ ಎಣ್ಣೆ ಒರೆಸಿದರೆ ಮುಗಿಯಿತು. ವಾರ್ನಿಷ್ ಹೊಡೆದ ಮೇಪಲ್ ಬೋರ್ಡ್ ಆದರೆ ಮತ್ತೆ ವಾರ್ನಿಷ್ ಹೊಡೆಯಬೇಕಾಗುತ್ತದೆ, ಮನೆಯಲ್ಲಿ ಅದು ಸುಲಭವಲ್ಲ.

ನೆಕ್ ಕೂರಿಸಿ ತೋಡಿ ರಾಗದ ಗಾಂಧಾರ ಹಿಡಿದೆ. ತಂತಿ ಬೆರಳಿಗೆ ಸಿಕ್ಕಿ ನಿಂತಿತು. ಎಳೆದಷ್ಟೂ ಬಂತು, ಬಿಟ್ಟಾಗ ಮೆಲ್ಲಗೆ ಇಳಿಯಿತು. ಆ ಖುಷಿಯನ್ನು ಹೇಗೆ ಹೇಳಲಿ! ಜೋರಾಗಿ ಅದುಮುವ ಕೈಗೆ ಮಾತ್ರ ಶ್ರುತಿ ಏರುತ್ತದೆ, ಹಗುರಾಗಿ ಒತ್ತುವುದನ್ನು ರೂಢಿಸಿಕೊಳ್ಳಬೇಕು.

ಉಳಿದದ್ದು ಗುಂಯ್‌ಗುಡುವ ಸದ್ದು. ಪೆಂಡಾಲ್‌ನ ಸೀರಿಯಲ್ ಸೆಟ್, ಡಿಮ್ಮರ್ ಲೈಟುಗಳ ಪಕ್ಕ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಸದ್ದು ಹಿಡಿಯುವ, ಒಂದೇ ಸುರುಳಿಯ ಆಯಸ್ಕಾಂತ) ಇಟ್ಟರೆ ಕೇಳಬೇಕೇ? ಪಿಕಪ್ ಕೂರುವ ಗುಳಿಗೆ ತಾಮ್ರದ ಟೇಪ್ ಅಂಟಿಸಿ, ತುಂಡುಗಳನ್ನೆಲ್ಲ ಬೆಸೆದು ಗ್ರೌಂಡ್‌ಗೆ ಸೇರಿಸಿದೆ. ಚಿರ್ರೆನ್ನುವ ಸದ್ದು ಬಹಳ ಕಡಿಮೆಯಾಯಿತು. 50 ಹರ್ಟ್ಸ್ ಕರೆಂಟಿನ ಗುಂಗು ಟೇಪಿಗೆ ಪೂರ್ತಿ ಬಗ್ಗುವುದಿಲ್ಲ. ನನ್ನ ಗಿಟಾರ್‌ನ ನಡುವಿನ ಪಿಕಪ್ ಉಲ್ಟಾ ಸುತ್ತಿದ್ದು, ಅದರ ಆಯಸ್ಕಾಂತವೂ ಉಲ್ಟಾ. ಹಾಗಾಗಿ ನಡುವಿನದನ್ನು ಪಕ್ಕದ ಪಿಕಪ್ ಜೊತೆ ಸೇರಿಸುವ ಎರಡನೇ ಅಥವಾ ನಾಲ್ಕನೇ ಜಾಗಕ್ಕೆ ಸ್ವಿಚ್ಚನ್ನು ಹಾಕಿದರೆ ಆ ಗುಂಗೂ ಅಡಗುತ್ತದೆ. ವೀಣೆಯ ತುಣುಕಿಗೆ ಕುತ್ತಿಗೆ ಕಡೆಯ ನಾಲ್ಕನೇ ಜಾಗವೇ ನನಗಿಷ್ಟ.

12ರ ಕೆಳಗಿನ ಫ್ರೆಟ್‌ಗಳನ್ನು ಮುಟ್ಟಿಲ್ಲ. ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಹಿಡಿಯುವುದು ಅಲ್ಲೇ. ಮೂರು ಗಂಟೆ ರಿದಮ್ ಬಾರಿಸುವಾಗ ಕೈ ಬಿಗಿಯಾಗೇ ಆಗುತ್ತದೆ, ಅಲ್ಲೂ ಗುಳಿ ತೆಗೆದರೆ ಪ್ರತಿ ಕಾರ್ಡೂ ಶ್ರುತಿ ತಪ್ಪುತ್ತದೆ.