ಮಾನಿಟರ್ 75 ಎಂದು ತೋರಿಸಿದರೆ ಸಾಲದು: ರಿಫ್ರೆಶ್ ರೇಟ್ ಹೊಂದಿಸುವುದು ಹೇಗೆ?

ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಆಫೀಸ್ ಮಾನಿಟರ್ ತಂದು ಗೇಮ್ ಆಡುವ ಹುಡುಗರು ಜಾಸ್ತಿ. ಯಾರೋ ಹೇಳಿದರೆಂದು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ, ಅಂದರೆ ರಿಫ್ರೆಶ್ ರೇಟ್ 60 ಹರ್ಟ್ಸ್ ಇರುವ ಮಾನಿಟರಿಗೆ ನೇರವಾಗಿ 75 ಕೊಡುತ್ತಾರೆ. ಮೆನುವಿನಲ್ಲಿ 75 ಅಂತ ಕಂಡರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಕೆಲವು ಮಾನಿಟರುಗಳು ಸೆಕೆಂಡಿಗೆ 75 ಫ್ರೇಮ್ (ಚಿತ್ರ) ತೆಗೆದುಕೊಂಡರೂ ಎಲ್ಲವನ್ನೂ ತೋರಿಸುವುದಿಲ್ಲ, ನಡುನಡುವೆ ಬಿಟ್ಟುಬಿಡುತ್ತವೆ. ಆಗ ಆಟ ಮೊದಲಿಗಿಂತ ಹೆಚ್ಚು ತಡವರಿಸುತ್ತದೆ.

ಮೊದಲು ಕೇಬಲ್ ನೋಡಿ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಎಚ್‌ಡಿಎಂಐ. ಎಚ್‌ಡಿಎಂಐಯನ್ನು ವಿಜಿಎ ಮಾಡುವ ಅಗ್ಗದ ಅಡಾಪ್ಟರ್ ಬೇಡವೇ ಬೇಡ. ಅದರ ಮೇಲೆ ಈ ಪ್ರಯೋಗ ಮಾಡಿದರೆ ಸುಮ್ನೆ ಸಮಯ ಹಾಳು.

ಎಷ್ಟು ಹರ್ಟ್ಸ್ ಕೊಡಬೇಕು? ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. 60ರಲ್ಲಿ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಬರುತ್ತದೆ. ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಚಿತ್ರ ಕುಂಟುವುದು ಇದಕ್ಕೇ. 72 ಕೊಟ್ಟರೆ ಪ್ರತಿ ಫ್ರೇಮೂ ಮೂರೇ ಸಲ. ಆದ್ದರಿಂದ ಹಳೆ ಮಾನಿಟರಿಗೆ ಆಟಕ್ಕೂ ಸಿನಿಮಾಕ್ಕೂ 72 ಇಡಿ. 75ರ ಆಸೆ ಬಿಡಿ, ಆ ಮೂರು ಹರ್ಟ್ಸ್ ಕಣ್ಣಿಗೆ ಗೊತ್ತಾಗುವುದಿಲ್ಲ. 144 ಹರ್ಟ್ಸಿನವರು ಏನೂ ಮಾಡಬೇಕಿಲ್ಲ, 24ರ ಆರು ಪಟ್ಟು ಅದು. 165 ಇರುವವರು ಸಿನಿಮಾ ನೋಡುವಾಗ 144ಕ್ಕೆ ಇಳಿಸಿ.

ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಚೇಂಜ್ ರೆಸಲ್ಯೂಶನ್, ಕಸ್ಟಮೈಸ್, ಕ್ರಿಯೇಟ್ ಕಸ್ಟಮ್ ರೆಸಲ್ಯೂಶನ್. ಎಎಂಡಿಯಲ್ಲಿ ಡಿಸ್‌ಪ್ಲೇ ವಿಭಾಗದೊಳಗೆ ಸಿಗುತ್ತದೆ. ಟೈಮಿಂಗ್ ಜಾಗದಲ್ಲಿ 'ಸಿವಿಟಿ ರೆಡ್ಯೂಸ್ಡ್ ಬ್ಲ್ಯಾಂಕ್' ಆರಿಸಿ. 1080ಪಿ 60 ಹರ್ಟ್ಸಿಗೆ ಸಾಮಾನ್ಯ ಟೈಮಿಂಗಿನಲ್ಲಿ ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್ ಕಳಿಸುವ ವೇಗ) 148.5 ಮೆಗಾಹರ್ಟ್ಸ್, ಇದರಲ್ಲಿ 138.5. ಕೇಬಲ್ಲಿಗೂ ಮಾನಿಟರಿಗೂ ಅಷ್ಟು ಹೊರೆ ಕಡಿಮೆ. 62, 65, 68 ಹೀಗೆ 72ರವರೆಗೆ ಏರುತ್ತಾ ಟೆಸ್ಟ್ ಒತ್ತಿ. ಪರದೆ ಕಪ್ಪಾದರೆ ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಕೈಕಟ್ಟಿ ಕುಳಿತರೆ ಹಳೆ ಸೆಟ್ಟಿಂಗ್ ತಾನಾಗಿ ಮರಳುತ್ತದೆ.

ಈಗ ಎಲ್ಲರೂ ಬಿಟ್ಟುಬಿಡುವ ಹಂತ. ಬ್ರೌಸರಿನಲ್ಲಿ ಪರದೆ ಪರೀಕ್ಷಿಸುವ ಜಾಲತಾಣ ಯುಎಫ್‌ಒ ಟೆಸ್ಟ್‌ನ ಫ್ರೇಮ್ ಸ್ಕಿಪ್ಪಿಂಗ್ ಪರೀಕ್ಷೆ ತೆರೆಯಿರಿ. ಚೌಕಗಳು ಒಂದಾದ ಮೇಲೊಂದು ಬೆಳಗುತ್ತವೆ, ಫ್ರೇಮಿಗೊಂದು. ಬರಿಗಣ್ಣಿಗೆ ಎಲ್ಲವೂ ಸರಿಯಾಗೇ ಕಾಣುತ್ತದೆ, ಮೋಸ ಹೋಗುವುದು ಇಲ್ಲೇ. ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/10 ಸೆಕೆಂಡ್ ಇಡಿ. ಫೋನನ್ನು ಯಾವುದಕ್ಕಾದರೂ ಆನಿಸಿ ಫೋಟೊ ತೆಗೆಯಿರಿ. 72ರಲ್ಲಿ ಸುಮಾರು ಏಳು ಚೌಕ ಸಾಲಾಗಿ ಬೆಳಗಿರಬೇಕು. ನಡುವೆ ಒಂದು ಕಪ್ಪು ಚೌಕ ಬಂದರೆ ಫ್ರೇಮ್ ಹೋಗುತ್ತಿದೆ. ಬ್ರೌಸರ್ ತಾನೇ ತಡವರಿಸಿದ್ದರೂ ಹೀಗಾಗಬಹುದು. ಹಾಗಾಗಿ ಬೇರೆ ಟ್ಯಾಬ್‌ಗಳನ್ನು ಮುಚ್ಚಿ ನಾಲ್ಕಾರು ಫೋಟೊ ತೆಗೆಯಿರಿ. ಎಲ್ಲದರಲ್ಲೂ ಕಪ್ಪು ಚೌಕ ಬಂದರೆ ಆ ಮಾನಿಟರಿಗೆ 60 ಹರ್ಟ್ಸೇ ಗತಿ. ಸಿನಿಮಾಕ್ಕೆ ಮಾತ್ರ 48 ಪ್ರಯತ್ನಿಸಿ, ಒಪ್ಪಿಕೊಂಡರೆ ಅದು 24ರ ಎರಡು ಪಟ್ಟು.

ಚಳಿಗಾಲದ ರಾತ್ರಿ ಪಾಸಾದ ಸೆಟ್ಟಿಂಗನ್ನು ನಮ್ಮೂರಿನ ಮೇ ಮಧ್ಯಾಹ್ನದಲ್ಲಿ, ಕೋಣೆ ಕಾದಿರುವಾಗ, ಇನ್ನೊಮ್ಮೆ ಪರೀಕ್ಷಿಸಿ. ಪರದೆಯಲ್ಲಿ ಚುಕ್ಕಿ ಮಿಣುಕಿದರೆ ಎರಡು ಹರ್ಟ್ಸ್ ಇಳಿಸಿ.

ಅನೇಕ ಸಿನಿಮಾ ಫೈಲುಗಳು ನಿಜಕ್ಕೂ 23.976 ಫ್ರೇಮಿನವು. 72ರಲ್ಲಿ ಸುಮಾರು 14 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ನಾಲ್ಕು ಸಲ ಬರುತ್ತದೆ. ಕಣ್ಣು ಅದನ್ನೂ ಹಿಡಿದರೆ 71.928 ಕೊಡಿ.

ಡ್ರೈವರ್ ಹೊಸದಾಗಿ ಹಾಕಿದಾಗ ಇದೆಲ್ಲ ಅಳಿಸಿಹೋಗಬಹುದು. ಪಾಸಾದ ಅಂಕಿಗಳನ್ನು ಮಾನಿಟರಿನ ಹಿಂದೆ ಚೀಟಿ ಅಂಟಿಸಿ ಬರೆದಿಡಿ.