ಕೆಲಸ ಎಲ್ಲಿ ತಡೆಯುತ್ತಿದೆ ಎಂದು ಮೊದಲು ನೋಡಿ: ಹಿರಿಯರಿಗೆ ಆಕ್ಯುಪೇಶನಲ್ ಥೆರಪಿ

ಆಕ್ಯುಪೇಶನಲ್ ಥೆರಪಿ ಎಂದ ತಕ್ಷಣ, ನಿವೃತ್ತರಾದವರಿಗೆ ಉದ್ಯೋಗದ ಚಿಕಿತ್ಸೆ ಯಾಕೆ ಎಂದು ಕೇಳುವವರಿದ್ದಾರೆ. ಇಲ್ಲಿ ಆಕ್ಯುಪೇಶನ್ ಎಂದರೆ ಸಂಬಳದ ಕೆಲಸವಲ್ಲ. ಹಾಸಿಗೆಯಿಂದ ಏಳುವುದು, ಸ್ನಾನ ಮಾಡುವುದು, ಗುಂಡಿ ಹಾಕಿಕೊಳ್ಳುವುದು, ಗಿಡಕ್ಕೆ ನೀರು ಹಾಕುವುದು, ಹೀಗೆ ದಿನದಲ್ಲಿ ಮಾಡುವುದೆಲ್ಲ ಅದರಲ್ಲಿ ಸೇರುತ್ತದೆ. ಫಿಸಿಯೋಥೆರಪಿ ಮುಖ್ಯವಾಗಿ ಮೊಣಕಾಲಿನ ಬಲವನ್ನೂ ಚಲನೆಯನ್ನೂ ನೋಡಿಕೊಂಡರೆ, ಆಕ್ಯುಪೇಶನಲ್ ಥೆರಪಿಸ್ಟ್ ಅದೇ ಮೊಣಕಾಲಿನಲ್ಲಿ ಕಮೋಡಿನಿಂದ ಏಳುವುದು ಹೇಗೆ ಎಂದು ನೋಡುತ್ತಾರೆ. ಅದಕ್ಕಾಗಿ ಕೆಲಸ ಮಾಡುವ ರೀತಿಯನ್ನು ಬದಲಿಸಬಹುದು, ಸಾಮಾನನ್ನು ಬದಲಿಸಬಹುದು, ಜಾಗವನ್ನೂ ಬದಲಿಸಬಹುದು.

ಮನೆಯವರು ಮೊದಲು ಮಾಡಬೇಕಾದದ್ದು ಸುಮ್ಮನೆ ನೋಡುವುದು. ಎರಡು ಮೂರು ದಿನ, ಬೀಳುವ ಅಪಾಯವಿಲ್ಲದ ಕೆಲಸಗಳಲ್ಲಿ, ಕೈ ಹಾಕದೆ ಗಮನಿಸಿ. ‘ಅಂಗಿ ಹಾಕಿಕೊಳ್ಳಲು ಆಗುವುದಿಲ್ಲ’ ಎಂಬುದನ್ನೇ ತೆಗೆದುಕೊಳ್ಳಿ. ಅಂಗಿ ತೆಗೆದುಕೊಳ್ಳಬೇಕು, ಹಿಂದು ಮುಂದು ಗುರುತಿಸಬೇಕು, ಒಂದು ತೋಳು ತೂರಿಸಬೇಕು, ಬೆನ್ನ ಹಿಂದಿನಿಂದ ಬಟ್ಟೆಯನ್ನು ತರಬೇಕು, ಇನ್ನೊಂದು ತೋಳು ಹಾಕಬೇಕು, ಕೊನೆಗೆ ಗುಂಡಿ. ಬೆನ್ನ ಹಿಂದೆ ತರುವಾಗ ನಿಂತುಬಿಟ್ಟರೆ ತೊಂದರೆ ಹೆಚ್ಚಾಗಿ ಭುಜದಲ್ಲಿದೆ. ಗುಂಡಿಯ ಹತ್ತಿರ ನಿಂತರೆ ಬೆರಳುಗಳನ್ನು ನೋಡಬೇಕು. ತಿರುಗುಮುರುಗಾಗಿ ಹಾಕಿಕೊಂಡರೆ ದೃಷ್ಟಿಯೋ ನೆನಪೋ ಕಾರಣವಿರಬಹುದು.

ಪರಿಹಾರವೂ ಅದರಂತೆ ಬೇರೆಯಾಗುತ್ತದೆ. ಭುಜ ಅಥವಾ ಒಂದು ಕೈ ದುರ್ಬಲವಾಗಿದ್ದರೆ ಹಾಕಿಕೊಳ್ಳುವಾಗ ಆ ಕೈಯೇ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಬೆರಳು ಬಿಗಿಯಾಗಿದ್ದರೆ ಗುಂಡಿಗಳನ್ನು ಮೇಲಿನ ಪಟ್ಟಿಗೆ ಅಲಂಕಾರಕ್ಕೆ ಹೊಲಿದು, ಒಳಗೆ ವೆಲ್ಕ್ರೋ ತುಂಡುಗಳನ್ನು ಹಾಕಿಸಿ. ನೋಡಲು ಮೊದಲಿನ ಅಂಗಿಯೇ. ನೆನಪಿನ ತೊಡಕಾದರೆ ಬಟ್ಟೆಗಳನ್ನು ಹಾಕಿಕೊಳ್ಳುವ ಕ್ರಮದಲ್ಲೇ ಜೋಡಿಸಿಡಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ. ತಡೆದ ಹಂತದಲ್ಲಿ ಮಾತ್ರ ನೆರವು ಕೊಡಿ. ಬೇಗ ಮುಗಿಯಲಿ ಎಂದು ಪೂರ್ತಿ ಅಂಗಿಯನ್ನು ನೀವೇ ತೊಡಿಸುತ್ತ ಹೋದರೆ, ಇನ್ನೂ ಮಾಡಬಲ್ಲ ಹಂತಗಳೂ ಅಭ್ಯಾಸ ತಪ್ಪಿ ಕೈಬಿಟ್ಟುಹೋಗುತ್ತವೆ. ಪ್ರೀತಿಯಿಂದಲೇ ಆಗುವ ನಷ್ಟ ಇದು.

ಕುರ್ಚಿಯಿಂದ ಏಳುವುದು

ಇದೊಂದು ಸರಿಯಾದರೆ ಊಟ, ಶೌಚ, ಓಡಾಟ ಎಲ್ಲವೂ ಹಗುರವಾಗುತ್ತದೆ. ಚಪ್ಪಲಿ ಹಾಕಿ ನಿಂತಾಗ ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಅಳೆಯಿರಿ. ಆಸನ ಆ ಎತ್ತರಕ್ಕಿರಬೇಕು. ಕಾಲು ದುರ್ಬಲವಾಗಿದ್ದರೆ ಸುಮಾರು 5 ಸೆಂ.ಮೀ. ಹೆಚ್ಚಿರಲಿ, ಆದರೆ ಪಾದ ನೆಲಕ್ಕೆ ಪೂರ್ತಿ ಊರಲೇಬೇಕು. ಎತ್ತರಿಸಲು ಮೆತ್ತನೆಯ ದಿಂಬು ಬೇಡ, ಕೂತರೆ ಕುಸಿಯುತ್ತದೆ, ಏಳುವಾಗ ಜಾರುತ್ತದೆ. ಗಟ್ಟಿ ಫೋಮ್ ಹಾಕಿ, ಇಲ್ಲವೇ ಕುರ್ಚಿಯ ಕಾಲುಗಳು ಕೂರುವಂತೆ ಗುಳಿಯಿರುವ ಅಡಿಕಟ್ಟೆಗಳನ್ನು ಕೊಡಿ. ಕೈಯೂರಲು ತೋಳಿರುವ, ಚಕ್ರವಿಲ್ಲದ ಕುರ್ಚಿಯೇ ಆಗಬೇಕು.

ಏಳುವ ಕ್ರಮ ಹೀಗೆ:

1. ಆಸನದ ಅಂಚಿಗೆ ಸರಿದುಕೊಳ್ಳಿ.
2. ಪಾದಗಳನ್ನು ಸೊಂಟದಷ್ಟು ಅಗಲವಾಗಿಟ್ಟು, ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ.
3. ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ.
4. ಕುರ್ಚಿಯ ತೋಳುಗಳನ್ನು ಕೆಳಕ್ಕೆ ಒತ್ತುತ್ತ ಎದ್ದು, ಒಂದು ಕ್ಷಣ ನಿಂತು, ಆಮೇಲೆ ಹೆಜ್ಜೆ ಇಡಿ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ. ಬೀಳುವ ಹೆದರಿಕೆಗೆ ಮುಂದಕ್ಕೆ ಬಾಗುವುದೇ ಇಲ್ಲ. ಮೈಭಾರ ಪಾದಗಳ ಮೇಲೆ ಬರದೆ ಹಿಂದೆಯೇ ಉಳಿಯುತ್ತದೆ, ಎದ್ದವರು ಮತ್ತೆ ಧೊಪ್ಪನೆ ಕೂರುತ್ತಾರೆ. ಆಗ ಮನೆಯವರು ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ. ಹಾಗೆ ಮಾಡಬೇಡಿ, ಭುಜಕ್ಕೆ ಪೆಟ್ಟಾಗುತ್ತದೆ; ಪಾರ್ಶ್ವವಾಯುವಾದವರಲ್ಲಂತೂ ಸಡಿಲಗೊಂಡ ಭುಜದ ಕೀಲು ಜಾರಿಯೂ ಬಿಡಬಹುದು. ವಾಕರ್ ಹಿಡಿದು ಎಳೆದುಕೊಂಡು ಏಳುವುದೂ ತಪ್ಪು, ಅದು ಮಗುಚಿ ಮೈಮೇಲೆ ಬರುತ್ತದೆ.

ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಪಾದಗಳನ್ನು ಆಡಿಸಿ, ಆಮೇಲೆ ನಿಲ್ಲಿ. ಮಲಗಿದ್ದವರು ಥಟ್ಟನೆ ನಿಂತರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ. ಇದು ಪದೇಪದೇ ಆದರೆ ಔಷಧಿಗಳ ಪಟ್ಟಿಯೊಡನೆ ವೈದ್ಯರನ್ನು ಕಾಣಿ.

ಸ್ನಾನದ ಮನೆ

ಟವೆಲ್ ಹಾಕುವ ಕಂಬಿ ಹಿಡಿಕೆಯಲ್ಲ. ಜಾರುವಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ, ಅದು ಗೋಡೆಯಿಂದ ಕಿತ್ತು ಬರುತ್ತದೆ. ಗಾಳಿ ಹೀರಿ ಅಂಟುವ ಹಿಡಿಕೆಗಳನ್ನೂ ಪೂರ್ತಿ ಮೈಭಾರಕ್ಕೆ ನಂಬಬೇಡಿ, ಅಂಟು ಯಾವಾಗ ಸಡಿಲವಾಯಿತೆಂದು ತಿಳಿಯುವುದಿಲ್ಲ. ಹಿಡಿಕೆ ಗಟ್ಟಿ ಗೋಡೆಗೆ ಸ್ಕ್ರೂ ಹಾಕಿ ಬಿಗಿದದ್ದಾಗಿರಬೇಕು. ಎಲ್ಲಿ ಬೇಕೆಂದು ತಿಳಿಯಲು, ಕೊರೆಯುವ ಮುನ್ನ ಆ ಹಿರಿಯರನ್ನೇ ಏಳುವಂತೆ, ಕೂರುವಂತೆ ಹೇಳಿ ಕೈ ತಾನಾಗಿ ಚಾಚಿದ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ. ಗೋಡೆಯ ಬಣ್ಣಕ್ಕಿಂತ ಎದ್ದು ಕಾಣುವ ಬಣ್ಣದ ಹಿಡಿಕೆ ಒಳ್ಳೆಯದು. ಕೂತು ಸ್ನಾನ ಮಾಡಲು ಕಾಲಿಗೆ ರಬ್ಬರ್ ಇರುವ ಸ್ಟೂಲ್, ಕೈಯಲ್ಲಿ ಹಿಡಿಯುವ ಶವರ್, ನೆಲಕ್ಕೆ ಜಾರದ ಮ್ಯಾಟ್ ಇರಲಿ. ಮ್ಯಾಟಿನ ಅಡಿಯ ಸಾಬೂನಿನ ಲೋಳೆಯನ್ನು ಆಗಾಗ ಉಜ್ಜಿ ತೊಳೆಯದಿದ್ದರೆ ಮ್ಯಾಟೇ ಜಾರುತ್ತದೆ.

ಕೋಲು

ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು. ಕೋಲು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ. ಎಡಗಾಲು ನೋವಾದರೆ ಬಲಗೈ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮತ್ತು ಕೋಲು ಮೊದಲು. ತುದಿಯ ರಬ್ಬರ್ ಸವೆದು ಗೀರುಗಳು ಮಾಯವಾಗಿದ್ದರೆ ಬದಲಿಸಿ.

ಸುಸ್ತು

ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಚೆನ್ನಾಗಿರುವ ದಿನ ಎಲ್ಲ ಕೆಲಸ ಮುಗಿಸಿ, ಮರುದಿನ ಏಳಲಾರದೆ ಮಲಗುವುದುಂಟು. ದಣಿವಾದ ಮೇಲೆ ವಿಶ್ರಾಂತಿ ಪಡೆಯುವ ಬದಲು ದಣಿಯುವ ಮುನ್ನವೇ ಪಡೆಯಬೇಕು. ಭಾರದ ಕೆಲಸದ ಬೆನ್ನಿಗೆ ಹಗುರ ಕೆಲಸ ಇಟ್ಟುಕೊಳ್ಳಿ. ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು ಕೂತೇ ಆಗಲಿ. ದಿನಾ ಬೇಕಾಗುವ ಸಾಮಾನು ಸೊಂಟಕ್ಕೂ ಭುಜಕ್ಕೂ ನಡುವಿನ ಎತ್ತರದಲ್ಲಿರಲಿ. ಯಾವ ಕೆಲಸ ಬಿಡಬೇಕು, ಯಾವುದಕ್ಕೆ ಶಕ್ತಿ ಉಳಿಸಬೇಕು ಎಂಬುದನ್ನು ಹಿರಿಯರೇ ಹೇಳಲಿ. ಸ್ನಾನಕ್ಕೆ ನೆರವು ಪಡೆದು, ಉಳಿದ ಶಕ್ತಿಯಲ್ಲಿ ಗಿಡಗಳ ಹತ್ತಿರ ಅರ್ಧ ಗಂಟೆ ಕಳೆಯುತ್ತೇನೆ ಎಂದರೆ ಅದು ಸರಿಯಾದ ಲೆಕ್ಕವೇ.

ಥೆರಪಿಸ್ಟರನ್ನು ಯಾವಾಗ ಕರೆಯಬೇಕು? ಒಮ್ಮೆ ಬಿದ್ದಿದ್ದರೆ, ಆಸ್ಪತ್ರೆಯಿಂದ ಮರಳುವ ಮುನ್ನ, ಅಥವಾ ಬೀಳುವ ಭಯಕ್ಕೆ ಸ್ನಾನ, ಓಡಾಟ ಕಡಿಮೆಯಾಗುತ್ತಿದ್ದರೆ ತಡ ಮಾಡಬೇಡಿ. ಬಿದ್ದದ್ದು ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ ಎಂದು ಬರೆದಿಡಿ. ಅವರು ಬರುವ ದಿನ ಮನೆ ಒಪ್ಪ ಮಾಡಬೇಡಿ. ದಾರಿಯಲ್ಲಿ ಬಿದ್ದಿರುವ ವೈರ್, ಮಡಚಿಕೊಂಡ ಕಾರ್ಪೆಟ್ ಅವರ ಕಣ್ಣಿಗೆ ಬೀಳಬೇಕು. ಸ್ನಾನದ ತೊಂದರೆಯಾದರೆ ಸ್ನಾನ ಮಾಡುವ ಹೊತ್ತಿಗೇ ಬರಲು ಹೇಳಿ.